ಮಳೆಗಾಲದ ತುರ್ತಿಗೆ ಯಾವ ಚೂರಿ? ಆಚಾರ್ರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳುವ ತುರ್ತು ಕಿಟ್‌ನಲ್ಲಿ ಟಾರ್ಚ್, ರೇಡಿಯೋ, ನೀರು, ಒಆರ್‌ಎಸ್ ಜೊತೆಗೆ ಒಂದು ಸಣ್ಣ ಚೂರಿಯೂ ಇದೆ. ಯಾವುದು ತಗೊಳ್ಳಬೇಕು ಅಂತ ತುಂಬಾ ಜನ ಕೇಳುತ್ತಿದ್ದೀರಿ. ಕಾಸರಗೋಡಿನ ಮುಳ್ಳೇರಿಯ ಕಡೆ ಕುಲುಮೆ ನಡೆಸುವ ನಮ್ಮ ಆಚಾರ್ರು ಇವತ್ತು ಉತ್ತರ ಕೊಡುತ್ತಾರೆ. ಮಡಚುವ ಚೂರಿಯ ವಿಷಯ ಇನ್ನೊಮ್ಮೆ.

ಪೆರ್ಲದ ಕೃಷಿಕ: ಆಚಾರ್ರೇ, ಸ್ಟೇನ್‌ಲೆಸ್ಸೋ, ಕಾರ್ಬನ್ ಉಕ್ಕೋ?

ಆಚಾರಿ: ದಿನಾ ಬಳಸಿ, ಒರೆಸಿ, ಎಣ್ಣೆ ಹಚ್ಚುವವರಿಗೆ ಕಾರ್ಬನ್. ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ಮಾಡುವ, ಕೊಂಬೆ ಕಡಿಯುವ ನಮ್ಮ ಕತ್ತಿಯೂ ಅದೇ ಜಾತಿ. ಪೆಟ್ಟು ತಡೆಯುತ್ತದೆ, ಬೇಗ ಮಸೆಯಬಹುದು. ಕಿಟ್‌ನೊಳಗೆ ಹಾಕಿ ಮರೆತುಬಿಡುವವರು ಸ್ಟೇನ್‌ಲೆಸ್ ತಗೊಳ್ಳಿ. ಜೂನ್, ಜುಲೈಯಲ್ಲಿ ಒದ್ದೆ ಕಾರ್ಬನ್ ಉಕ್ಕು ಬೆಳಗಾಗುವಾಗ ಕೆಂಪಾಗಿರುತ್ತದೆ. ಕಡಲ ಬದಿಯವರು ಸ್ಟೇನ್‌ಲೆಸ್ಸನ್ನೂ ಒರೆಸಿ ಇಡಬೇಕು. ಉಪ್ಪುಗಾಳಿಗೆ ಅದರಲ್ಲೂ ಚುಕ್ಕೆ ಬೀಳುತ್ತದೆ.

ಬದಿಯಡ್ಕದ ವಿದ್ಯಾರ್ಥಿ: ಅಣ್ಣ, ಆನ್‌ಲೈನಲ್ಲಿ 10 ಇಂಚಿನದ್ದು ನೋಡಿದೆ. ಬೆನ್ನಲ್ಲಿ ಗರಗಸ, ಹಿಡಿ ಟೊಳ್ಳು, ಒಳಗೆ ದಿಕ್ಸೂಚಿ ಮತ್ತು ಬೆಂಕಿಕಡ್ಡಿ. ಹೇಗೆ?

ಆಚಾರಿ: ಬೇಡ. ಹಿಡಿ ಟೊಳ್ಳು ಅಂದರೆ ಉಕ್ಕು ಹಿಡಿಯೊಳಗೆ ಹೋಗಿಲ್ಲ ಅಂತ. ಗಟ್ಟಿ ಪೆಟ್ಟಿಗೆ ಅಲಗು ಒಂದು ಕಡೆ, ಹಿಡಿ ಒಂದು ಕಡೆ. ಬೆನ್ನಿನ ಗರಗಸ ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲಗು 4ರಿಂದ 5 ಇಂಚು, ದಪ್ಪ 3ರಿಂದ 4 ಮಿ.ಮೀ. ಇದ್ದರೆ ಸಾಕು. ಉಕ್ಕು ಹಿಡಿಯ ಕೊನೆಯವರೆಗೂ ಹೋಗಿರಬೇಕು. ಅಂಗಡಿಯವರು ಫುಲ್ ಟ್ಯಾಂಗ್ ಅನ್ನುವುದು ಇದಕ್ಕೇ.

ಕುಂಬಳೆಯ ಸದಸ್ಯ: ರೇಟ್ ಎಷ್ಟಾಗಬಹುದು?

ಮಂಜೇಶ್ವರದ ಟೀಚರ್: ಇಟ್ಟುಕೊಂಡರೆ ಪೊಲೀಸ್ ಕೇಸ್ ಆಗುವುದಿಲ್ಲವಾ?

ಆಚಾರಿ: ಟೀಚರ್, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧ ಕಾನೂನಿನೊಳಗೆ ಬರುತ್ತದೆ. ಮನೆಕೆಲಸ, ಕೃಷಿಯ ಸಾಮಾನಿಗೆ ವಿನಾಯಿತಿ ಇದೆ. ಸಣ್ಣ ಚೂರಿ ಮನೆಯಲ್ಲಿರಲಿ. ಸೊಂಟಕ್ಕೆ ಸಿಕ್ಕಿಸಿ ಪೇಟೆಗೆ ಹೋಗುವುದು ಬೇಡ.

ಅಡೂರಿನ ಅಕ್ಕ: ಆಚಾರ್ರೇ, ನಮ್ಮದು ಪಯಸ್ವಿನಿ ಹೊಳೆಬದಿಯ ಮನೆ. ಕಳೆದ ಮಳೆಗಾಲ ರಾತ್ರಿ ಹಟ್ಟಿಗೆ ನೀರು ಬಂತು. ದನ ಎಳೆದೂ ಎಳೆದೂ ನೈಲಾನ್ ಹಗ್ಗದ ಗಂಟು ಬಿಗಿದುಹೋಗಿತ್ತು, ಬಿಚ್ಚಲು ಆಗಲಿಲ್ಲ. ಅಡುಗೆಮನೆಯ ಚೂರಿ ಜಾರಿ ನನ್ನ ಬೆರಳೇ ಕೊಯ್ದಿತು. ಕರು ಕಷ್ಟದಲ್ಲಿ ಉಳಿಯಿತು. ಅಂಥ ಹೊತ್ತಿಗೆ ಎಂಥದ್ದು ಇಟ್ಟುಕೊಳ್ಳಬೇಕು?

ಆಚಾರಿ: ಅಕ್ಕ, ನಿಮ್ಮ ಮೆಸೇಜ್ ಓದಿ ಕೆಲಸ ಬದಿಗಿಟ್ಟು ಕೂತಿದ್ದೇನೆ. ಇವತ್ತು ಬಂದದ್ದರಲ್ಲಿ ನಿಜವಾದ ತುರ್ತು ಇದೇ.

ಅಡುಗೆಮನೆಯ ಚೂರಿಯಲ್ಲಿ ಬೆರಳಿಗೆ ತಡೆ ಇಲ್ಲ. ಒದ್ದೆ ಕೈ ಹಿಡಿಯಿಂದ ನೇರ ಅಲಗಿಗೆ ಜಾರುತ್ತದೆ. ಹಲ್ಲಿಲ್ಲದ ನಯವಾದ ಬಾಯಿ, ಅಂದರೆ ಅಲಗಿನ ಕೊಯ್ಯುವ ಅಂಚು, ಸ್ವಲ್ಪ ಮೊಂಡಾದರೂ ನೈಲಾನಿನ ಎಳೆ ಹಿಡಿಯುವುದಿಲ್ಲ, ಮೇಲಿಂದ ಮೇಲೆ ಓಡುತ್ತದೆ. ಆಗ ನಾವು ಜಾಸ್ತಿ ಒತ್ತುತ್ತೇವೆ. ಗಾಯ ಆಗುವುದು ಅಲ್ಲಿ.

ನಿಮಗೆ 4 ಇಂಚಿನೊಳಗಿನ ಅಲಗು ಸಾಕು. ತುದಿಯಲ್ಲಿ ಮೊನೆ ಬೇಡವೇ ಬೇಡ. ಹೆದರಿದ ದನ ತಲೆ ಕೊಡವಿದರೆ ಮೊನೆ ಅದರ ಕಣ್ಣಿಗೂ ಹೋಗಬಹುದು, ನಿಮ್ಮ ಹೊಟ್ಟೆಗೂ ಹೋಗಬಹುದು. ನೀರಿನಲ್ಲಿ ರಕ್ಷಣೆ ಕೆಲಸ ಮಾಡುವವರು ಮೊಂಡು ತುದಿಯ ಚೂರಿ ಇಟ್ಟುಕೊಳ್ಳುವುದು ಅದಕ್ಕೇ. ಬಾಯಿಯಲ್ಲಿ ಹಿಡಿಯ ಕಡೆಯ ಅರ್ಧಕ್ಕೆ ಹಲ್ಲು ಇರಲಿ. ಬೆನ್ನಿನ ಗರಗಸ ಅಲ್ಲ, ಬಾಯಿಯಲ್ಲೇ ಇರುವ ಹಲ್ಲು. ಅದು ಎಳೆಯನ್ನು ಕಚ್ಚಿ ಹಿಡಿಯುತ್ತದೆ. ಸ್ಟೇನ್‌ಲೆಸ್ ಆಗಿರಲಿ. ಹಿಡಿ ರಬ್ಬರಿನದ್ದು, ಕಿತ್ತಳೆ ಬಣ್ಣದ್ದು. ಕೆಸರಿಗೆ ಬಿದ್ದರೆ ಟಾರ್ಚ್ ಬೆಳಕಿಗೆ ಕಾಣಬೇಕು.

ಹಟ್ಟಿಗೆ ಹೋಗುವ ಮೊದಲು ಮೈನ್ ಸ್ವಿಚ್ ಆಫ್ ಮಾಡಿ. ನೀರು ರಭಸದಲ್ಲಿದ್ದರೆ ಮೊಣಕಾಲ ಮಟ್ಟದ್ದೂ ಆಳನ್ನು ಕೆಡವುತ್ತದೆ. ಆಗ ಇಳಿಯಬೇಡಿ, 101ಕ್ಕೆ ಫೋನ್ ಮಾಡಿ. ಕೊಯ್ಯುವಾಗ ಕುತ್ತಿಗೆಗೆ ಅಂಟಿಸಿ ಕೊಯ್ಯಬೇಡಿ. ಒಂದು ಮೊಳ ಬಿಟ್ಟು, ಹಗ್ಗ ಬಿಗಿದಿರುವ ಕಡೆ ಚೂರಿ ಇಡಿ. ಅಲಗಿನ ಬೆನ್ನು ದನದ ಕಡೆ, ಬಾಯಿ ಆಚೆ. ಒತ್ತಬೇಡಿ, ಎಳೆದು ಕೊಯ್ಯಿರಿ. ಬಿಗಿದ ಹಗ್ಗ ಬೇಗ ತುಂಡಾಗುತ್ತದೆ. ನೀವು ಪಕ್ಕದಲ್ಲಿ ನಿಲ್ಲಬೇಕು, ದನ ಹಾರಿ ಓಡುವ ದಾರಿಯಲ್ಲಿ ಅಲ್ಲ.

ಚೂರಿ ಹಟ್ಟಿಯಲ್ಲಿ ಇಡಬೇಡಿ. ನೀರು ಮೊದಲು ಬರುವುದೇ ಅಲ್ಲಿಗೆ. ಮನೆಬಾಗಿಲ ಒಳಗೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಟಾರ್ಚಿನ ಪಕ್ಕ ನೇತುಹಾಕಿ. ಗೂಟಕ್ಕೆ ಕಟ್ಟುವಾಗ ತುದಿ ಎಳೆದರೆ ಬಿಚ್ಚಿಕೊಳ್ಳುವ ಕುಣಿಕೆ ಹಾಕಿ. ಹೊಳೆ ಏರುತ್ತಿದ್ದರೆ ಕತ್ತಲಾಗುವ ಮೊದಲೇ ದನಗಳನ್ನು ಎತ್ತರದ ಜಾಗಕ್ಕೆ ದಾಟಿಸಿ. ಹಗ್ಗದ ದಪ್ಪ ಎಷ್ಟು, ಹೇಳಿ.

ಕುಂಬಳೆಯ ಸದಸ್ಯ: ರೇಟ್ ಹೇಳಲಿಲ್ಲ.

ನೀರ್ಚಾಲಿನ ಸದಸ್ಯ: *ಫಾರ್ವರ್ಡ್:* "ಮೊಂಡಾದ ಚೂರಿಯನ್ನು ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ ತಣ್ಣೀರಿಗೆ ಅದ್ದಿದರೆ ಹೊಸದರಂತೆ ಹರಿತ! ಎಲ್ಲರಿಗೂ ಕಳಿಸಿ."

ಆಚಾರಿ: ಯಾರಿಗೂ ಕಳಿಸಬೇಡಿ. ಕಾಯಿಸಿದರೆ ಹರಿತ ಬರುವುದಿಲ್ಲ, ಮಸೆದರೆ ಬರುತ್ತದೆ. ಕೆಂಪಗೆ ಕಾಯಿಸಿದರೆ ಮೊದಲಿದ್ದ ಹದ ಹೋಯಿತು. ಅದನ್ನು ತಣ್ಣೀರಿಗೆ ಅದ್ದಿದರೆ ಅಲಗು ಬಿರುಕು ಬಿಡಬಹುದು, ಇಲ್ಲವೇ ಗಾಜಿನ ಹಾಗೆ ಸಿಡಿಯುವಷ್ಟು ಗಡುಸಾಗಬಹುದು. ಕುಲುಮೆಯಲ್ಲಿ ಅದ್ದಿದ ಮೇಲೆ ಇನ್ನೊಮ್ಮೆ 200 ಡಿಗ್ರಿ ಆಸುಪಾಸಿಗೆ ಮೆಲ್ಲಗೆ ಕಾಯಿಸುತ್ತೇವೆ. ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಬಂದಾಗ ಹದ ಕೂರುತ್ತದೆ. ಗ್ರೈಂಡರ್‌ಗೆ ಕೊಟ್ಟು ಬಾಯಿ ನೀಲಿ ಮಾಡಿಸಿಕೊಂಡು ಬರುವವರಿಗೂ ಇದನ್ನೇ ಹೇಳುವುದು. ನೀಲಿಯಾದ ಬಾಯಿ ಮೆತ್ತಗಾಗಿದೆ, ಹರಿತ ನಿಲ್ಲುವುದಿಲ್ಲ.

ನೀರ್ಚಾಲಿನ ಸದಸ್ಯ: *ಫಾರ್ವರ್ಡ್:* "ಹಾವು ಕಚ್ಚಿದರೆ ಚೂರಿಯಿಂದ ಗಾಯ ಸೀಳಿ ರಕ್ತ ಹಿಂಡಿ…"

ಆಚಾರಿ: ಇದನ್ನು ಈಗಲೇ ಡಿಲೀಟ್ ಮಾಡಿ. ಸೀಳಬಾರದು, ಹೀರಬಾರದು, ಬಿಗಿದು ಕಟ್ಟಬಾರದು. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಪ್ರತಿವಿಷ ಇರುವ ಆಸ್ಪತ್ರೆಗೆ ಹೋಗಿ. ಅಲ್ಲಿ ಚೂರಿಗೆ ಕೆಲಸ ಇಲ್ಲ.

ಉಪ್ಪಳದ ಸದಸ್ಯ: ನಾನು ಗಲ್ಫಿನಿಂದ ಸ್ವೀಡನ್ನಿನ ಮೋರಾ ಚೂರಿ ತಂದಿದ್ದೇನೆ. ಫುಲ್ ಟ್ಯಾಂಗ್ ಅಲ್ಲ, ಆದರೂ ಏನೂ ಆಗಿಲ್ಲ. ಇಲ್ಲಿಯ ಕತ್ತಿ ಬರೀ ಭಾರ.

ಪೆರ್ಲದ ಕೃಷಿಕ: ಅದರ ದಪ್ಪ ಎರಡೂವರೆ ಮಿ.ಮೀ. ಮುಳ್ಳುಬಳ್ಳಿ ಸವರಿ ನೋಡಿ, ಗೊತ್ತಾಗುತ್ತದೆ.

ಉಪ್ಪಳದ ಸದಸ್ಯ: ಸವರಲಿಕ್ಕೆ ಮಾಡಿದ್ದೇ ಅಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಪೆರ್ಲದ ಕೃಷಿಕ: ನಾನು ಹುಟ್ಟಿದ್ದೇ ತೋಟದಲ್ಲಿ. ಕಳೆದ ಗಾಳಿಗೆ ಕರೆಂಟ್ ಲೈನಿನ ಮೇಲೆ ಬಿದ್ದ ಕೊಂಬೆ ನಾನೇ ಕತ್ತಿಯಲ್ಲಿ ಕಡಿದೆ. ನಿಮ್ಮ ಮೋರಾ ಕಡಿಯುತ್ತಿತ್ತಾ?

ಉಪ್ಪಳದ ಸದಸ್ಯ: ಇದೊಂದು ದೊಡ್ಡಸ್ತಿಕೆ!

ಅಡ್ಮಿನ್: ಇಬ್ಬರೂ ಸ್ವಲ್ಪ ಸುಮ್ಮನಿರಿ.

ಆಚಾರಿ: ಚೂರಿಯ ಜಗಳ ಆಮೇಲೆ. ಪೆರ್ಲದವರೇ, ಲೈನಿಗೆ ತಾಗಿದ ಮರಕ್ಕೆ ಇನ್ನು ಯಾವತ್ತೂ ಕತ್ತಿ ಹಾಕಬೇಡಿ. ಒದ್ದೆ ಕೊಂಬೆಯಲ್ಲಿ ಕರೆಂಟ್ ಹರಿಯುತ್ತದೆ. ನಿಮ್ಮ ಮರದ ಹಿಡಿಯೂ ಒದ್ದೆಯಿದ್ದರೆ ಕಾಯುವುದಿಲ್ಲ. ದೂರ ನಿಂತು ಕೇರಳ ವಿದ್ಯುತ್ ಮಂಡಳಿ ಕೆಎಸ್‌ಇಬಿಯ 1912ಕ್ಕೆ ಫೋನ್ ಮಾಡಿ. ಉಪ್ಪಳದವರ ಮೋರಾ ಒಳ್ಳೆಯ ಸಾಮಾನು. ಕೊಯ್ಯಲಿಕ್ಕೆ, ಕೆತ್ತಲಿಕ್ಕೆ. ಕತ್ತಿ ಕಡಿಯಲಿಕ್ಕೆ. ನಮ್ಮ ಕಡೆಯ ಮನೆಗೆ ಎರಡೂ ಬೇಕು.

ಪೆರ್ಲದ ಕೃಷಿಕ: ಲೈನ್ ಆಫ್ ಇತ್ತು.

ಆಚಾರಿ: ಆಫ್ ಅಂತ ನಿಮಗೆ ಯಾರು ಹೇಳಿದ್ದು? ಪಕ್ಕದ ಮನೆಯ ಜನರೇಟರ್‌ನಿಂದ ಲೈನಿಗೆ ವಾಪಸ್ ಕರೆಂಟ್ ಬರಬಹುದು. ಈ ವಿಷಯದಲ್ಲಿ ವಾದ ಮಾಡಬೇಡಿ.

ಸೀತಾಂಗೋಳಿಯ ಸದಸ್ಯ: ಸ್ಟೇನ್‌ಲೆಸ್ ಒಳ್ಳೆಯದೋ ಕಾರ್ಬನ್ನೋ?

ಆಚಾರಿ: ಮೇಲೆ ಓದಿ.

ಬದಿಯಡ್ಕದ ವಿದ್ಯಾರ್ಥಿ: ಚರ್ಮದ ಒರೆ ಆಗಬಹುದಾ ಅಣ್ಣ?

ಆಚಾರಿ: ಮಳೆಗಾಲದಲ್ಲಿ ಬೇಡ. ಚರ್ಮ ನೀರು ಹಿಡಿದಿಟ್ಟುಕೊಳ್ಳುತ್ತದೆ, ಒಳಗೇ ತುಕ್ಕು. ಕೆಳಗೆ ತೂತಿರುವ ಪ್ಲಾಸ್ಟಿಕ್ ಒರೆ ತಗೊಳ್ಳಿ.

ಕುಂಬಳೆಯ ಸದಸ್ಯ: ರೇಟ್ ಕೇಳಿದರೆ ಉತ್ತರವೇ ಇಲ್ಲ. ಅಕ್ಕನಿಗೆ ಮಾತ್ರ ಪ್ರಬಂಧ.

ಮಂಜೇಶ್ವರದ ಟೀಚರ್: ಅವರ ಹಟ್ಟಿಗೆ ನೀರು ಬಂದಿತ್ತು. ನಿಮ್ಮದಕ್ಕೆ ಬಂದಿತ್ತಾ?

ಅಡೂರಿನ ಅಕ್ಕ: ಆಚಾರ್ರೇ, ಹಗ್ಗ 12 ಮಿ.ಮೀ. ಇದೆ. ಕರುವಿನದ್ದು 8.

ಆಚಾರಿ: ಎರಡಕ್ಕೂ ಹಲ್ಲಿನ ಬಾಯಿ ಆಗುತ್ತದೆ ಅಕ್ಕ. ಚೂರಿ ತಂದ ದಿನವೇ ಹಳೆ ಹಗ್ಗದ ತುಂಡನ್ನು ಒದ್ದೆ ಮಾಡಿ ಗೂಟಕ್ಕೆ ಬಿಗಿದು ಕೊಯ್ದು ನೋಡಿ. ರಾತ್ರಿ ಒಮ್ಮೆ ಟಾರ್ಚ್ ಬೆಳಕಿನಲ್ಲೂ ನೋಡಿ. ಮನೆಯಲ್ಲಿ ಇನ್ನೊಬ್ಬರಿಗೂ ಕಲಿಸಿಕೊಡಿ.