ಸಹಾಯ ಬೇಕು: ಕಡಲ್ಕೊರೆತದ ಬಗ್ಗೆ ಪಿಎಚ್‌ಡಿ ಮಾಡಲು ಗೈಡ್

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನವಳು, ಮನಃಶಾಸ್ತ್ರದಲ್ಲಿ ಎಂಎಸ್ಸಿ ಆಗಿದೆ. ಪರಿಸರ ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ, ಮುಂದೆ ಪಾಠ, ಸಂಶೋಧನೆಯಲ್ಲೇ ಇರಬೇಕು ಅಂತ ತುಂಬಾ ಆಸೆ.

ನನ್ನ ವಿಷಯ ಇದು. ಸೋಮೇಶ್ವರ, ಉಚ್ಚಿಲದ ಕಡೆ ಮಳೆಗಾಲದಲ್ಲಿ ಕಡಲು ಅಂಗಳಕ್ಕೇ ಬರುತ್ತದೆ. ತೆಂಗಿನ ಮರದ ಬೇರು ಪೂರ್ತಿ ಹೊರಗೆ ಬಂದಿದ್ದರೂ ಜನ ಮನೆ ಬಿಟ್ಟಿಲ್ಲ. "ಕಡಲಿನ ಹೆದರಿಕೆ ಇಲ್ಲ ಮಾರಾಯ್ತಿ, ಬಾಡಿಗೆಯದ್ದೇ ಹೆದರಿಕೆ" ಅಂದರು ಅಲ್ಲಿನ ಒಬ್ಬರು ಅಕ್ಕ. ಇವರಿಗೆ ತಿಳುವಳಿಕೆ ಇಲ್ಲ ಅಂತ ಸುಮ್ನೆ ಹೇಳಿಬಿಡುವುದು ತಪ್ಪು ಅಲ್ವಾ?

ಜನ ಅಪಾಯವನ್ನು ಹೇಗೆ ಅಳೆಯುತ್ತಾರೆ ಅನ್ನುವುದರ ಬಗ್ಗೆ ಅಮೆರಿಕದ ಮನಃಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದಾರೆ. 30 ಅಪಾಯಗಳ ಪಟ್ಟಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಅಣು ವಿದ್ಯುತ್ತೇ ಎಲ್ಲಕ್ಕಿಂತ ಅಪಾಯ ಅಂತ 1ನೇ ಸ್ಥಾನಕ್ಕೆ ಹಾಕಿದರೆ, ತಜ್ಞರು ಹಾಕಿದ್ದು 20ನೇ ಸ್ಥಾನಕ್ಕೆ. ತಜ್ಞರು ಹೆಚ್ಚಾಗಿ ಸಾವಿನ ಲೆಕ್ಕ ನೋಡುತ್ತಾರೆ. ಜನ ಅದು ಎಷ್ಟು ಭೀಕರ, ಎಷ್ಟು ಹೊಸದು ಅಂತಲೂ ನೋಡುತ್ತಾರೆ. ಕಡಲು ಇಲ್ಲಿಯವರಿಗೆ ಹುಟ್ಟಿದಾಗಿನಿಂದ ಗೊತ್ತು. ಅದಕ್ಕೇ ಭಯ ಕಡಿಮೆಯೋ, ಹೋಗಲು ಬೇರೆ ಜಾಗ ಇಲ್ಲದ್ದಕ್ಕೋ? ನನಗೆ ಎರಡನೆಯದೇ ಜಾಸ್ತಿ ಅನಿಸುತ್ತದೆ. ಆದರೆ ಕೇಳಿ ನೋಡದೆ ಹೇಳುವಂತಿಲ್ಲ.

ಕೊಣಾಜೆ, ಮಣಿಪಾಲ, ಸುರತ್ಕಲ್‌ನಲ್ಲಿ ಇಂಥ ವಿಷಯ ತೆಗೆದುಕೊಳ್ಳುವ ಗೈಡ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮನಃಶಾಸ್ತ್ರದವರೇ ಆಗಬೇಕೆಂದಿಲ್ಲ, ಸಮಾಜಶಾಸ್ತ್ರದವರೂ ಆಗಬಹುದು. ಕಡಲಿನ ಎಂಜಿನಿಯರಿಂಗ್ ಗೊತ್ತಿರುವವರು ಕೋ-ಗೈಡ್ ಆಗಿ ಸಿಕ್ಕಿದರೆ ಇನ್ನೂ ಒಳ್ಳೆಯದು. ನೆಟ್, ಜೆಆರ್‌ಎಫ್ ಪರೀಕ್ಷೆಗೆ ಮನಃಶಾಸ್ತ್ರದಲ್ಲಿ ಓದಿದವರು ಇದ್ದರೆ ಒಮ್ಮೆ ಮಾತಾಡಬೇಕಿತ್ತು.

ಇನ್ನೊಂದು. ನನಗೆ ತುಳು ಬರುತ್ತದೆ, ಬ್ಯಾರಿ ಬರುವುದಿಲ್ಲ. ಉಳ್ಳಾಲದ ಕಡೆಯ ಬ್ಯಾರಿ ಮಾತಾಡುವ ಹುಡುಗಿಯರು ಯಾರಾದರೂ ಮನೆಮನೆಗೆ ನನ್ನ ಜೊತೆ ಬರಬಹುದಾ? ಬಸ್ಸು, ಊಟದ ಖರ್ಚು ನನ್ನದು, ದಿನದ ಸಂಬಳವೂ ಕೊಡುತ್ತೇನೆ. ಮಳೆ ಹಿಡಿಯುವ ಮೊದಲು ಒಂದು ಸುತ್ತು ಮುಗಿಯಬೇಕು. ಇನ್‌ಬಾಕ್ಸ್‌ಗೆ ಮೆಸೇಜ್ ಹಾಕಿ.