ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಇಷ್ಟು ಹಬ್ಬಿದ್ದು ಯಾಕೆ?

ಚಾರಣಿಗ: ಕೆ.ಗುಡಿ (ಕ್ಯಾತೇದೇವರ ಗುಡಿ) ಕಡೆಯಿಂದ ಬೆಟ್ಟಕ್ಕೆ ಹೋಗಿದ್ದೆ. ರಸ್ತೆಯ ಎರಡೂ ಬದಿ ಆಳೆತ್ತರದ ಲಂಟಾನ ಪೊದೆ, ಒಳಗೆ ಏನೂ ಕಾಣಲ್ಲ. ಇಲ್ಲಿನ ಆದಿವಾಸಿಗಳಾದ ಸೋಲಿಗರು ಬೆಂಕಿ ಹಾಕ್ತಿದ್ದರಿಂದಲೇ ಕಾಡು ಹೀಗಾಯ್ತು ಅಂದರು ಜೊತೆಗಿದ್ದವರು. ನಿಜವೇ?

ಪೋಡಿನವಳು: ಇಲ್ಲ ಅಣ್ಣ. ನಾನು ಸೋಲಿಗರವಳೇ. ನಮ್ಮ ಹಿರಿಯರು ಹಾಕ್ತಿದ್ದದ್ದು ತರಗು ಬೆಂಕಿ. ಬೇಸಿಗೆ ಬಲಿಯುವ ಮುಂಚೆಯೇ ಹಚ್ಚೋರು. ಉದುರಿದ ಎಲೆಯಷ್ಟೇ ಸುಟ್ಟು ಬೆಂಕಿ ನೆಲದ ಮೇಲೇ ಸರಿದು ಹೋಗೋದು. ದೊಡ್ಡ ಮರಕ್ಕೆ ಏನೂ ಆಗ್ತಿರಲಿಲ್ಲ, ಲಂಟಾನದ ಎಳೆ ಸಸಿ ಸಾಯೋದು. ನೆಲ್ಲಿ ಮರಕ್ಕೆ ಅಂಟಿಕೊಂಡು ರಸ ಹೀರುವ ಉಪ್ಪಿಲು ಅನ್ನೋ ಬಂದಳಿಕೆ ಗಿಡವೂ ಆ ಶಾಖಕ್ಕೆ ಒಣಗೋದು. 1974ರಲ್ಲಿ ಅಭಯಾರಣ್ಯ ಆಯ್ತು, ಕಾಡೊಳಗಿದ್ದ ಪೋಡುಗಳನ್ನು, ಅಂದರೆ ನಮ್ಮ ಹಾಡಿಗಳನ್ನು, ಎಬ್ಬಿಸಿದರು, ತರಗು ಬೆಂಕಿ ನಿಂತಿತು. ಈಗ ನೆಲ್ಲಿಯ ಕೊಂಬೆ ಕೊಂಬೆಯಲ್ಲೂ ಉಪ್ಪಿಲು.

ನನ್ನ ಸಂಕಟ ಬೇರೆಯೇ ಇದೆ. ಕಾಡುಗೆಣಸಿನ ಬಳ್ಳಿಯನ್ನು ನಮ್ಮತ್ತೆ ಎಲೆ ನೋಡಿಯೇ ಗುರುತು ಹಿಡೀತಾರೆ. ಕೋಲಿನಿಂದ ಅಗೆದು ಗೆಡ್ಡೆ ತೆಗೆದರೂ ಬಳ್ಳಿಗೆ ಸೇರಿದ ತುದಿಯನ್ನು ಮುರಿಯದೆ ಅಲ್ಲೇ ಬಿಟ್ಟು ಮಣ್ಣು ಮುಚ್ತಾರೆ, ಮುಂದಿನ ಮಳೆಗೆ ಮತ್ತೆ ಚಿಗುರಲಿ ಅಂತ. ಅದನ್ನು ನನ್ನ ಮಗಳಿಗೆ ಬಾಯಲ್ಲಿ ಹೇಳಿ ಕಲಿಸೋಕಾಗಲ್ಲ, ಬಳ್ಳಿ ಇರುವ ಜಾಗಕ್ಕೇ ಹೋಗಬೇಕು. ಆ ಜಾಗವೆಲ್ಲ ಲಂಟಾನದ ಅಡಿ ಸೇರಿದೆ. ಆ ಪೊದೆಯೊಳಗೆ ಆನೆ ನಿಂತಿದ್ದರೂ ಕಾಣಲ್ಲ, ಮಗುವನ್ನು ಹೇಗೆ ಕರ್ಕೊಂಡು ಹೋಗಲಿ?

ಸಸ್ಯಶಾಸ್ತ್ರದ ಮೇಷ್ಟ್ರು: ತಂಗಿ ಹೇಳಿದ್ದರಲ್ಲಿ ತಥ್ಯವಿದೆ. ಲಂಟಾನ ಅಮೆರಿಕ ಖಂಡದ ಗಿಡ. 19ನೇ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟಿಷರು ಹೂವಿನ ಚಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತವೆ. ಹಾಗಾಗಿ ಬೆಂಕಿ ನಿಂತದ್ದೊಂದೇ ಕಾರಣ ಅನ್ನಲಾರೆ. ಆದರೆ ಒಣಗಿದ ಲಂಟಾನಕ್ಕೆ ಕಡುಬೇಸಿಗೆಯಲ್ಲಿ ಕಿಡಿ ತಗುಲಿದರೆ ಜ್ವಾಲೆ ಮರದ ನೆತ್ತಿಗೇರುತ್ತದೆ. ತರಗು ಬೆಂಕಿಯನ್ನೂ ಇದನ್ನೂ ಒಂದೇ ಎಂದು ನೋಡುವುದು ತಪ್ಪು.

ಚಾರಣಿಗ: ಅಕ್ಕಾ, ಅರಣ್ಯ ಹಕ್ಕು ಸಿಕ್ಕಿದೆಯಲ್ಲ? ಈಗ ನೀವೇ ಬೆಂಕಿ ಹಾಕಬಹುದಲ್ಲ?

ಪೋಡಿನವಳು: 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ನಮ್ಮ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಬಂತು. ಅದೇ ವರ್ಷ ಹುಲಿ ಸಂರಕ್ಷಿತ ಪ್ರದೇಶವೂ ಆಯ್ತು. ಜೇನು, ನೆಲ್ಲಿ, ಪಾಚಿ ತರಬಹುದು. ಬೆಂಕಿ ಹಚ್ಚಿದರೆ ಮಾತ್ರ ಕೇಸು. ಇಡೀ ಕಾಡಿಗೆ ಹಚ್ತೀವಿ ಅಂತ ನಾವೂ ಕೇಳ್ತಿಲ್ಲ. ಇಷ್ಟು ಬೆಳೆದ ಲಂಟಾನಕ್ಕೆ ಈಗ ಹಚ್ಚಿದರೆ ಅನಾಹುತವೇ. ಮೊದಲು ಬುಡಸಮೇತ ಕಿತ್ತು, ಆಮೇಲೆ ಒಂದು ಸಣ್ಣ ತುಂಡು ಜಾಗದಲ್ಲಿ ಇಲಾಖೆಯವರ ಎದುರಿಗೇ ತರಗು ಬೆಂಕಿ ಹಾಕಿ ತೋರಿಸೋಕೆ ಬಿಡಲಿ. ಯಾವಾಗ ಹಚ್ಚಬೇಕು, ಗಾಳಿ ಯಾವ ಕಡೆ ಇರಬೇಕು ಅಂತ ತಿಳಿದ ಅಜ್ಜಂದಿರು ನಮ್ಮ ಪೋಡಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ಇದು ಆಗಬೇಕು.