ಸಹಾಯ ಬೇಕು: ಗಾಯ ಮಾಯ್ದೈತಿ, ಕುದುರಿ ಮಾತ್ರ ಸೊರಗಾಕತ್ತೈತಿ (ಶಿಗ್ಗಾವಿ ಕಡೆ)

ಎಲ್ಲಾರಿಗೂ ನಮಸ್ಕಾರ. ನಮ್ಮ ಹೆಣ್ಣು ಕುದುರಿ ಹೊಲದಾಗ ಮೇಯುವಾಗ ಮುಳ್ಳುತಂತಿಗೆ ಸಿಕ್ಕೊಂಡು ಹಿಂಗಾಲು ಹರಕೊಂಡಿತ್ತು. ಡಾಕ್ಟರ್ ಅವತ್ತ ಬಂದು ಹೊಲಿಗಿ ಹಾಕಿ, ಧನುರ್ವಾಯು ಇಂಜೆಕ್ಷನ್ ಕೊಟ್ಟರು. ಗಾಯ ಒಣಗೈತಿ, ಕೀವಿಲ್ಲ, ವಾಸನಿ ಇಲ್ಲ.

ಆದ್ರ ಈಗ ಜ್ವರ ಬಿಟ್ಟು ಬಿಟ್ಟು ಬರಾಕತ್ತೈತಿ. ಒಮ್ಮೆ 38 ಡಿಗ್ರಿ, ಮತ್ತೊಮ್ಮೆ 40 ದಾಟತೈತಿ. ಹೊಟ್ಟಿ ಕೆಳಗ ಬಾವು. ಬೆರಳಿಂದ ಒತ್ತಿದ್ರ ಕುಳಿ ಹಂಗ ಉಳೀತೈತಿ. ಒಸಡು ಬೆಳ್ಳಗಾಗೈತಿ. ಕಣಕಿ ತಿಂದರೂ ಮೈ ಇಳಿಯಾಕತ್ತೈತಿ. ಬಾಯಿ ಚಲೋ ತೆರೀತೈತಿ, ಮೈ ಸೆಟದಿಲ್ಲ, ಹಂಗಾಗಿ ಧನುರ್ವಾಯು ಅಲ್ಲ ಅನಸ್ತೈತಿ.

ಕಚ್ಚೋ ದೊಡ್ಡ ನೊಣದಿಂದ ಹರಡೋ ಸರ್ರಾ ರೋಗ ಇರಬಹುದಾ ಅಂತ ನನಗ ಸಂಶಯ. ರಕ್ತ ಒಮ್ಮೆ ನೋಡಿಸೀವಿ, ಏನೂ ಸಿಗಲಿಲ್ಲ. ಆದ್ರ ಜ್ವರ ಇಳಿದಾಗ ತಗದ ರಕ್ತದಾಗ ಆ ರೋಗಾಣು ಎಷ್ಟೋ ಸಲ ಕಾಣಂಗಿಲ್ಲ. ಜ್ವರ ಏರಿದಾಗ ಇನ್ನೊಮ್ಮೆ ತಗಸಬೇಕಂತ ಮಾಡೀವಿ.

ಗದಗಿನ ಪಶುವೈದ್ಯಕೀಯ ಕಾಲೇಜಿಗೆ ಕುದುರಿ ಒಯ್ದವರು ಯಾರರ ಅದೀರೇನು? ಇಷ್ಟು ಸೋತದ್ದನ್ನ ಗಾಡ್ಯಾಗ ಹತ್ತಿಸಬಹುದೋ, ರಕ್ತ ಅಷ್ಟೇ ಕಳಿಸಿದ್ರ ನಡೀತೈತೋ? ಹುಬ್ಬಳ್ಳಿ-ಧಾರವಾಡದಾಗ ಕುದುರಿ ನೋಡಿ ರೂಢಿ ಇರೋ ಡಾಕ್ಟರ್ ಗೊತ್ತಿದ್ರ ದಯವಿಟ್ಟು ಜಲ್ದಿ ತಿಳಸ್ರಿ. ಮರಿ ಇದ್ದಾಗಿಂದ ಸಾಕಿದ್ದು, ಮನಿ ಮಂದಿಗೆಲ್ಲ ಚಿಂತಿ ಹತ್ತೈತಿ.